ಅಶ್ವಶಕ್ತಿಯ ಆಚೆಗೆ: ಅಮೆರಿಕದ ಟ್ಯೂನರ್ ಕಾರುಗಳ ತಾರತಮ್ಯ

ದೊಡ್ಡ ಕಾರ್ಖಾನೆಯೊಂದು ಸಾವಿರಗಟ್ಟಲೆ ನಿರ್ಮಿಸಿ ಮಾರುವ ಮೋಟಾರು ಕಾರನ್ನು ಸಣ್ಣದೊಂದು ಕಾರ್ಯಾಗಾರವು ಕೊಂಡು ತಂದು, ಅದರ ಎಂಜಿನ್ನಿಗೆ ಹೊಸ ಬಲವನ್ನು ತುಂಬಿ, ಸಸ್ಪೆನ್ಷನ್ನನ್ನು ಬಿಗಿಗೊಳಿಸಿ, ಮೈಮೇಲೆ ತನ್ನ ಪಟ್ಟೆಗಳನ್ನು ಬಳಿದು, ಕಡೆಗೆ ತನ್ನ ಹೆಸರಿನಲ್ಲಿಯೇ ಮಾರಾಟಕ್ಕಿಡುವ ಪದ್ಧತಿ ಅಮೆರಿಕದಲ್ಲಿ ಅರ್ಧ ಶತಮಾನಕ್ಕೂ ಹಿಂದಿನಿಂದ ನಡೆದುಬಂದಿದೆ. ಇಂಥ ಕಾರ್ಯಾಗಾರದವರನ್ನು ಟ್ಯೂನರ್‌ಗಳೆಂದೂ, ಅವರ ಕೈಗೆ ಹೆಚ್ಚಾಗಿ ಸಿಕ್ಕುವ ಎರಡು ಬಾಗಿಲಿನ, ಎಂಟು ಸಿಲಿಂಡರಿನ ಬಲಿಷ್ಠ ವಾಹನಗಳನ್ನು ಮಸಲ್ ಕಾರುಗಳೆಂದೂ ಕರೆಯುತ್ತಾರೆ. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ಚರ್ಚೆ ಹುಟ್ಟಿದೊಡನೆ ಮೊದಲು ಕೇಳಿಬರುವುದು ಅಶ್ವಶಕ್ತಿಯ ಅಂಕಿ. ಆದರೆ ಆ ಒಂದು ಅಂಕಿಯಷ್ಟು ದಾರಿ ತಪ್ಪಿಸುವ ಅಳತೆಗೋಲು ಈ ವಿಷಯದಲ್ಲಿ ಬೇರೊಂದಿಲ್ಲವೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಈ ವರ್ಗದ ಕಾರುಗಳ ಇತಿಹಾಸವನ್ನು ಸಾಮಾನ್ಯವಾಗಿ 1964ರ ಪಾಂಟಿಯಾಕ್ ಜಿಟಿಓದಿಂದ ಆರಂಭಿಸುತ್ತಾರೆ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ನನ್ನು ಹಾಕಕೂಡದೆಂದು ಜನರಲ್ ಮೋಟಾರ್ಸ್ ಸಂಸ್ಥೆಯೇ ವಿಧಿಸಿಕೊಂಡಿದ್ದ ಕಟ್ಟಳೆಯನ್ನು, ಜಾನ್ ಡಿಲೋರಿಯನ್ ಮೊದಲಾದ ಅದರ ಎಂಜಿನಿಯರುಗಳೇ, 389 ಘನ ಅಂಗುಲದ ಎಂಜಿನ್ನನ್ನು ಗ್ರಾಹಕನು ಇಚ್ಛೆಯಿಂದ ಕೇಳಿ ಪಡೆಯುವ ಹೆಚ್ಚುವರಿ ಸೌಲಭ್ಯವೆಂದು ತೋರಿಸಿ ದಾಟಿಬಿಟ್ಟರು. ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಫೋರ್ಡ್ ಸಂಸ್ಥೆಯ ಮಸ್ಟಾಂಗ್ ಹೊರಬಂದಿತು.

ಟ್ಯೂನರ್ ಕಲೆಯ ಮೊದಲ ಮಹಾಕೃತಿ ಹುಟ್ಟಿದ್ದು ಆ ಮಸ್ಟಾಂಗಿನಿಂದಲೇ. ಟೆಕ್ಸಾಸ್ ಪ್ರಾಂತದಲ್ಲಿ ಕೋಳಿ ಸಾಕಿ ನಷ್ಟ ಹೊಂದಿ, ತರುವಾಯ ಪಂದ್ಯಗಳಲ್ಲಿ ಹೆಸರು ಗಳಿಸಿ, 1959ರಲ್ಲಿ ಫ್ರಾನ್ಸಿನ ಲೆ ಮಾನ್ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಆಸ್ಟನ್ ಮಾರ್ಟಿನ್ ಕಾರಿನಲ್ಲಿ ಗೆದ್ದು, ಹೃದ್ರೋಗದ ದೆಸೆಯಿಂದ ಚಾಲನೆಯನ್ನು ಬಿಡಬೇಕಾಗಿ ಬಂದ ಕ್ಯಾರೊಲ್ ಶೆಲ್ಬಿ, 1965ರಲ್ಲಿ ಆ ಕಾರನ್ನು ಪಂದ್ಯಕ್ಕೆ ತಕ್ಕಂತೆ ಪರಿವರ್ತಿಸಿ ಜಿಟಿ350 ಎಂಬ ಹೆಸರಿನಲ್ಲಿ ಹೊರತಂದರು. ಇಲ್ಲಿ ಓದುಗರು ಸ್ವಲ್ಪ ನಿಂತು ನೋಡಬೇಕಾದ ಸಂಗತಿಯೊಂದುಂಟು. ಮೂಲ ಎಂಜಿನ್ನು 271 ಅಶ್ವಶಕ್ತಿಯದು. ಶೆಲ್ಬಿ ಅದನ್ನು ಏರಿಸಿದ್ದು 306ಕ್ಕೆ, ಅಂದರೆ ಕೇವಲ 35ರಷ್ಟು. ಉಳಿದ ಶ್ರಮವೆಲ್ಲ ಕಣ್ಣಿಗೆ ಕಾಣದ ಕಡೆಗೇ ಸಂದಿತು: ಮುಂದಿನ ಚಕ್ರಗಳನ್ನು ಹಿಡಿದಿಡುವ ಮೇಲಿನ ತೋಳುಗಳ ನೆಲೆಯನ್ನು ಒಂದು ಅಂಗುಲ ಕೆಳಗಿಳಿಸಿದರು; ಉತ್ತಮ ಶಾಕ್ ಅಬ್ಸಾರ್ಬರುಗಳನ್ನು ಜೋಡಿಸಿದರು; ಮುಂದುಗಡೆ ಡಿಸ್ಕ್ ಬ್ರೇಕುಗಳನ್ನಿಟ್ಟರು; ಎರಡೇ ಆಸನಗಳ ಕ್ರೀಡಾ ವಾಹನವೆಂದು ಪಂದ್ಯದ ಸಂಘವು ಅದನ್ನು ಅಂಗೀಕರಿಸುವಂತೆ ಹಿಂದಿನ ಆಸನವನ್ನು ತೆಗೆದೇಹಾಕಿದರು. ಬಿಳಿಯ ಮೈಮೇಲೆ ಎರಡು ನೀಲಿ ಪಟ್ಟೆಗಳಿದ್ದ ಆ ಕಾರು ತಿರುವಿನಲ್ಲಿ ನಿಂತ ಬಗೆಗೂ ಬ್ರೇಕಿಗೆ ಓಗೊಟ್ಟ ಬಗೆಗೂ ಹೆಸರಾಯಿತೇ ಹೊರತು ಬರಿಯ ಬಲಕ್ಕಾಗಿ ಅಲ್ಲ. ಮರುವರ್ಷ ಹರ್ಟ್ಸ್ ಎಂಬ ಬಾಡಿಗೆ ಕಾರುಗಳ ಸಂಸ್ಥೆ ಇಂಥವನ್ನು ಸುಮಾರು ಒಂದು ಸಾವಿರದಷ್ಟು ಕೊಂಡು, ಹೆಚ್ಚಿನವನ್ನು ಕಪ್ಪು ಮೈ, ಚಿನ್ನದ ಬಣ್ಣದ ಪಟ್ಟೆಗಳೊಡನೆ ಜನರಿಗೆ ಬಾಡಿಗೆಗೆ ಕೊಟ್ಟಿತು.

1970ರ ದಶಕದಲ್ಲಿ ವಾಯುಮಾಲಿನ್ಯದ ಕಾನೂನುಗಳು, ದುಬಾರಿಯಾದ ವಿಮೆ, 1973ರ ತೈಲ ಸಂಕಷ್ಟ, ಈ ಮೂರೂ ಸೇರಿ ಮಸಲ್ ಕಾರುಗಳ ಮೊದಲ ಯುಗವನ್ನು ಮುಗಿಸಿದವು. ಹಳೆಯ ಅಂಕಿಗಳನ್ನು ಈಗಿನವುಗಳೊಡನೆ ಹೋಲಿಸುವವರು ಮರೆಯಬಾರದ ಮಾತೊಂದಿದೆ: 1972ಕ್ಕೆ ಮೊದಲು ಎಂಜಿನ್ನನ್ನು ಫ್ಯಾನು, ಜನರೇಟರು ಮುಂತಾದ ಭಾರಗಳಿಲ್ಲದೆ ಬರಿದಾಗಿ ಅಳೆಯುತ್ತಿದ್ದುದರಿಂದ ಅಂದಿನ ಅಶ್ವಶಕ್ತಿ ಇಂದಿನದಕ್ಕಿಂತ ಉಬ್ಬಿದ್ದು.

2005ರ ಮಾದರಿಯಾಗಿ ಬಂದ ಮಸ್ಟಾಂಗ್ ಹಳೆಯ ರೂಪವನ್ನು ನೆನಪಿಗೆ ತಂದು ಎರಡನೆಯ ಯುಗವನ್ನು ತೆರೆಯಿತು. ಡಾಡ್ಜ್ ಚಾಲೆಂಜರ್ 2008ರಲ್ಲಿಯೂ ಶೆವರ್ಲೆ ಕಮಾರೊ 2009ರಲ್ಲಿಯೂ ಹಿಂತಿರುಗಿದವು. ಒಂದೇ ಮಸ್ಟಾಂಗನ್ನು ಮೂರು ಹೆಸರಾಂತ ಸಂಸ್ಥೆಗಳು ಮೂರು ಬಗೆಯಾಗಿ ತಿದ್ದಿದ್ದರಿಂದ, ಮನಸ್ಸು ಮನಸ್ಸಿಗೂ ಇರುವ ಭೇದವನ್ನು ಕಾಣುವುದಕ್ಕೆ ಇದಕ್ಕಿಂತ ಅನುಕೂಲವಾದ ಪರೀಕ್ಷೆ ದೊರೆಯದು. ಪಂದ್ಯದ ಚಾಲಕ ಸ್ಟೀವ್ ಸಲೀನ್ ಸ್ಥಾಪಿಸಿದ ಸಂಸ್ಥೆಯ ಎಸ್281, ತನ್ನ ಮುಂಬದಿಯನ್ನೂ ಪಕ್ಕದ ಅಂಚುಗಳನ್ನೂ ಹಿಂದಿನ ರೆಕ್ಕೆಯನ್ನೂ ಎಷ್ಟು ಧಾರಾಳವಾಗಿ ಬದಲಿಸಿಕೊಂಡಿತೆಂದರೆ, ದೂರದಿಂದ ನೋಡಿದವನಿಗೆ ಅದು ಬೇರೊಂದೇ ಕಾರೆಂಬ ಭ್ರಮೆಯಾಗುವುದು ಸಹಜ. ಫೋರ್ಡ್ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದು ಮುಂದೆ ನ್ಯಾಸ್ಕಾರ್ ಪಂದ್ಯಗಳಲ್ಲಿ ತಂಡ ಕಟ್ಟಿದ ಜ್ಯಾಕ್ ರೌಷ್ ಅವರ ಮಿಷಿಗನ್ ಕಾರ್ಯಾಗಾರದ ಕಾರುಗಳಲ್ಲಿ ಅಲಂಕಾರ ಮಿತವಾದದ್ದು. ಎತ್ತರವನ್ನು ತುಸು ತಗ್ಗಿಸಿ, ಮುಂದುಗಡೆಯ ತುಟಿಯನ್ನು ನೆಲದತ್ತ ಚಾಚಿ, ಮೂಲ ರೇಖೆಗಳನ್ನು ಅವು ಹಾಗೆಯೇ ಬಿಟ್ಟವು. ಶೆಲ್ಬಿಯಂತೂ ಪಟ್ಟೆಗಳನ್ನೂ ಹೆಡೆಯೆತ್ತಿದ ನಾಗರಹಾವಿನ ಲಾಂಛನವನ್ನೂ ನೆಚ್ಚಿತು, ನೆಚ್ಚಿ ಗೆದ್ದಿತು. ರೂಪದ ಮಾತಿನಲ್ಲಿ ನನ್ನ ಒಲವು ರೌಷ್ ಕಡೆಗೆ. ಸಲೀನನ ರೆಕ್ಕೆ ಮೊದಲ ನೋಟಕ್ಕೆ ಹಿಡಿಸುವಷ್ಟು ಹತ್ತು ವರ್ಷಗಳ ಮೇಲೆ ಹಿಡಿಸುವುದಿಲ್ಲ.

ಈ ಕಾರುಗಳ ಬಾನೆಟ್ಟನ್ನು ಎತ್ತಿ ನೋಡಿದರೆ ಎರಡು ಸಾಲು ಸಿಲಿಂಡರುಗಳ ನಡುವಣ ಕಣಿವೆಯಲ್ಲಿ, ಲೋಹದ ಪೆಟ್ಟಿಗೆಯಂಥ ಒಂದು ಸಾಧನ ಕುಳಿತಿರುವುದು ಕಾಣುತ್ತದೆ, ಅದೇ ಸೂಪರ್‌ಚಾರ್ಜರ್. ಅದರೊಳಗೆ ತಿರುಚಿದ ಹಲ್ಲುಗಳುಳ್ಳ ಎರಡು ರೋಟರುಗಳು ಒಂದನ್ನೊಂದು ಮುಟ್ಟದೆ ಸುತ್ತುತ್ತ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತಳ್ಳುತ್ತವೆ. ಅವನ್ನು ತಿರುಗಿಸುವ ಬೆಲ್ಟು ಎಂಜಿನ್ನಿನಿಂದಲೇ ಬಲವನ್ನು ಪಡೆಯುತ್ತದೆ. ರೋಟರಿನ ತುದಿಯ ಪುಲ್ಲಿಯನ್ನು ಚಿಕ್ಕದು ಮಾಡಿದರೆ ಅದು ಹೆಚ್ಚು ವೇಗವಾಗಿ ಸುತ್ತಿ ಗಾಳಿಯ ಒತ್ತಡವೂ ಬಲವೂ ಏರುತ್ತವೆ. ಕೆಲವು ಅಂಗುಲದ ಆ ತುಂಡನ್ನು ಬದಲಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಅದರ ಪರಿಣಾಮಗಳನ್ನು ಸಂಭಾಳಿಸುವುದರಲ್ಲಿ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿಯಿಂದ ಇಂಧನವು ಅಕಾಲದಲ್ಲಿ ತಾನೇ ಹೊತ್ತಿಕೊಂಡು ಪಿಸ್ಟನ್ನುಗಳನ್ನು ಬಡಿಯುತ್ತದೆ. ಆದ್ದರಿಂದ ಗಾಳಿಯನ್ನು ನೀರಿನಿಂದ ತಣಿಸುವ ಇಂಟರ್‌ಕೂಲರ್ ಬೇಕು, ಹೆಚ್ಚು ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಟರುಗಳು ಬೇಕು, ಕಿಡಿಯ ಕಾಲವನ್ನು ನಿರ್ಣಯಿಸುವ ಗಣಕದ ಲೆಕ್ಕವನ್ನು ಹೊಸದಾಗಿ ಬರೆಯಬೇಕು. ಇದನ್ನೆಲ್ಲ ಮಾಡಿ ಬ್ರೇಕನ್ನೂ ಕ್ಲಚ್ಚನ್ನೂ ಮೊದಲಿನಂತೆ ಬಿಟ್ಟವನ ಕೆಲಸವು ಗಾಡಿಯ ಇರುಸು ಹಳೆಯದೇ ಇರಲು ಎತ್ತುಗಳನ್ನು ಮಾತ್ರ ಬದಲಿಸಿದಂತಾದೀತು.

ಈ ಕಾರುಗಳಲ್ಲಿ ಬಲವು ನೆಲಕ್ಕೆ ಮುಟ್ಟುವುದು ಹಿಂದಿನ ಎರಡು ಟೈರುಗಳ ಮೂಲಕ ಮಾತ್ರ. ಅವುಗಳ ಹಿಡಿತವನ್ನು ಮೀರಿದ ಬಲವೆಲ್ಲ ಹೊಗೆಯಾಗಿಯೂ ರಬ್ಬರಾಗಿಯೂ ವ್ಯರ್ಥವಾಗುತ್ತದೆ. ಮಸ್ಟಾಂಗಿನ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಬಂಧಿಸಿದ್ದ ದಿನಗಳಲ್ಲಿ, ಅಂದರೆ 2014ರ ಮಾದರಿಯವರೆಗೆ, ಉಬ್ಬುತಗ್ಗಿನ ರಸ್ತೆಯ ತಿರುವುಗಳಲ್ಲಿ ಹೆಚ್ಚಿಸಿದ ಬಲ ಚಾಲಕನಿಗೆ ಎಚ್ಚರಿಕೆಯ ಭಾರವನ್ನೇ ತರುತ್ತಿತ್ತು. 2015ರಲ್ಲಿ ಪ್ರತಿ ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಷನ್ ಬಂದ ಮೇಲೆ ಟ್ಯೂನರನ ಕೆಲಸಕ್ಕೆ ಒಳ್ಳೆಯ ತಳಹದಿ ದೊರೆಯಿತು. ಟೆಕ್ಸಾಸಿನ ಹೆನ್ನೆಸಿ ಸಂಸ್ಥೆ 650 ಅಶ್ವಶಕ್ತಿಯ ಕಮಾರೊ ಜ಼ಡ್‌ಎಲ್1 ಅನ್ನು 1000ಕ್ಕೆ ಏರಿಸಿ ಗಂಟೆಗೆ 217 ಮೈಲಿ, ಎಂದರೆ ಸುಮಾರು 349 ಕಿಲೋಮೀಟರಿನ ವೇಗವನ್ನು ಪರೀಕ್ಷಾ ಪಥದಲ್ಲಿ ಸಾಧಿಸಿ ತೋರಿಸಿತು. ಆ ಸಾಧನೆಯನ್ನು ನಾನು ಕೊಂಡಾಡುವೆನು. ಆದರೆ ಅಂಥ ಪಥದ ಹೊರಗೆ ಆ ವೇಗಕ್ಕೆ ನೆಲೆಯಿಲ್ಲ.

ಇನ್ನು ಬೆಲೆಯ ವಿಚಾರ. 2007ರ ಶೆಲ್ಬಿ ಜಿಟಿ500 ಕಾರ್ಖಾನೆಯಿಂದಲೇ 500 ಅಶ್ವಶಕ್ತಿಯೊಡನೆ ಸುಮಾರು 40 ಸಾವಿರ ಡಾಲರಿನ ಪಟ್ಟಿಬೆಲೆಗೆ ಬಂದಾಗ, ವ್ಯಾಪಾರಿಗಳು ಅದರ ಮೇಲೆ ಮನಬಂದಷ್ಟು ಹೆಚ್ಚುವರಿಯನ್ನು ಹೇರಿದರು. ಆದರೂ ಟ್ಯೂನರ್‌ಗಳ ಮಾರುಕಟ್ಟೆಯನ್ನು ನಿಜವಾಗಿ ಅಲುಗಿಸಿದ್ದು 2015ರ ಡಾಡ್ಜ್ ಹೆಲ್‌ಕ್ಯಾಟ್. 707 ಅಶ್ವಶಕ್ತಿಯನ್ನು ಸುಮಾರು 60 ಸಾವಿರ ಡಾಲರಿಗೆ, ಕಾರ್ಖಾನೆಯ ವಾರಂಟಿಯೊಡನೆ ಕೊಂಡು ಮನೆಗೆ ಹೋಗಬಹುದಾದ ಮೇಲೆ, ಅಷ್ಟೇ ಬಲಕ್ಕಾಗಿ ಟ್ಯೂನರನಿಗೆ ಹಣ ತೆತ್ತು ಮೂಲ ವಾರಂಟಿಯನ್ನು ಅಪಾಯಕ್ಕೊಡ್ಡುವವನು ಏನನ್ನು ಕೊಳ್ಳುತ್ತಿರುವೆನೆಂದು ತನ್ನನ್ನೇ ಕೇಳಿಕೊಳ್ಳಬೇಕಾಯಿತು. 2018ರ ಡಾಡ್ಜ್ ಡೀಮನ್ ಇನ್ನೂ ಮುಂದೆ ಹೋಗಿ, ಪಂದ್ಯದ ಇಂಧನದಲ್ಲಿ 840 ಅಶ್ವಶಕ್ತಿಯೊಡನೆ ಕಾಲು ಮೈಲಿಯನ್ನು 9.65 ಸೆಕೆಂಡುಗಳಲ್ಲಿ ಮುಗಿಸಿತು. ಇದಕ್ಕೆ ಉತ್ತರವಾಗಿ ನಿಂತವರಲ್ಲಿ ರೌಷ್ ಪ್ರಮುಖರು. ಅವರ 2018ರ ಮೂರನೆಯ ಹಂತದ ಮಸ್ಟಾಂಗ್ 710 ಅಶ್ವಶಕ್ತಿಯದಾಗಿದ್ದರೂ ಅದಕ್ಕೆ ಅವರದೇ ವಾರಂಟಿಯ ಆಸರೆಯಿತ್ತು. ಬಲ, ಹಿಡಿತ, ಭರವಸೆ ಮೂರನ್ನೂ ಒಟ್ಟಾಗಿ ತೂಗುವವನಿಗೆ ಇದೇ ಒಳ್ಳೆಯ ಆಯ್ಕೆಯೆಂದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ ಮಸ್ಟಾಂಗ್ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2016ರಲ್ಲಿ. ಆದರೆ ತಯಾರಕನು ನಮೂದಿಸಿದ ವಿವರಗಳಿಂದ ವಾಹನವನ್ನು ಬದಲಿಸಕೂಡದೆಂಬ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಎತ್ತಿಹಿಡಿದಿರುವುದರಿಂದ, ಇಂಥ ಕೆಲಸಕ್ಕೆ ಇಲ್ಲಿ ಅವಕಾಶ ಬಹಳ ಸಂಕುಚಿತ. ಅಮೆರಿಕದಲ್ಲಿಯೂ ಪೂರ್ಣ ಸ್ವಾತಂತ್ರ್ಯವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸೂಪರ್‌ಚಾರ್ಜರನ್ನು ಜೋಡಿಸಿದ ಕಾರು ಹೊಗೆಯ ತಪಾಸಣೆಯನ್ನು ದಾಟಬೇಕಾದರೆ ಆ ಸಾಧನಕ್ಕೆ ರಾಜ್ಯದ ವಾಯು ಮಂಡಳಿಯ ಒಪ್ಪಿಗೆಯ ಸಂಖ್ಯೆ ಇರಲೇಬೇಕು.

ಕಾಲ ಕಳೆದಂತೆ ಮೌಲ್ಯ ಉಳಿಸಿಕೊಳ್ಳುವುದರಲ್ಲಿ ಶೆಲ್ಬಿಗೆ ಸಮನಿಲ್ಲ: 1967ರಲ್ಲಿ ನಿರ್ಮಿಸಿದ ಒಂದೇ ಒಂದು ಸೂಪರ್ ಸ್ನೇಕ್ 2019ರ ಹರಾಜಿನಲ್ಲಿ 22 ಲಕ್ಷ ಡಾಲರಿಗೆ ಮಾರಾಟವಾಯಿತು. ಶೆಲ್ಬಿ ಸಂಸ್ಥೆ ತಾನು ತಿದ್ದಿದ ಪ್ರತಿ ಕಾರಿಗೂ ಕ್ರಮಸಂಖ್ಯೆಯನ್ನು ಕೊಟ್ಟು, ಅದನ್ನು ಕೊರೆದ ಸಣ್ಣ ಫಲಕವನ್ನು ಕಾರಿನೊಳಗೆ ಅಂಟಿಸುತ್ತದೆ, ತನ್ನ ದಾಖಲೆಯ ಪುಸ್ತಕದಲ್ಲಿಯೂ ಬರೆದಿಡುತ್ತದೆ. ಹಳೆಯ ಕಾರನ್ನು ಕೊಳ್ಳುವವನು ಎಂಜಿನ್ನಿನ ಸದ್ದಿಗೆ ಮೊದಲು ಈ ಫಲಕವನ್ನೂ, ಅದಕ್ಕೆ ಹೊಂದುವ ಚಾಸಿಸ್ ಸಂಖ್ಯೆಯನ್ನೂ, ಕಾರ್ಯಾಗಾರದ ಮೂಲ ರಸೀದಿಯನ್ನೂ ಪರೀಕ್ಷಿಸಬೇಕು. ಏಕೆಂದರೆ ಸಾಧಾರಣ ಮಸ್ಟಾಂಗಿಗೆ ಪಟ್ಟೆ ಬಳಿದು ಲಾಂಛನ ಅಂಟಿಸುವುದು ಯಾರಿಗೂ ಸಾಧ್ಯ, ಸಂಸ್ಥೆಯ ದಾಖಲೆಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಅದಕ್ಕೆ ಸಾಧಾರಣ ಮಸ್ಟಾಂಗಿನ ಬೆಲೆಯೇ ಸಲ್ಲುತ್ತದೆ.