ಆಟದ ಪಟದ ಆಯುಷ್ಯ

ಜರಿಯ ಸೀರೆಗಳನ್ನೂ ಹಬ್ಬದ ಪಾತ್ರೆಗಳನ್ನೂ ವರುಷಕ್ಕೊಮ್ಮೆ ಹೊರತೆಗೆದು ಒರಸಿ, ಮಡಿಕೆ ಬದಲಿಸಿ ಒಳಗಿಡುವ ಮನೆಗಳಲ್ಲಿಯೂ ಆಟದ ಪಟವನ್ನು ವಿಚಾರಿಸುವವರು ವಿರಳ. ಆಟ ಮುಗಿದೊಡನೆ ಅದನ್ನು ನಾಲ್ಕು ಮಡಿಕೆಯಾಗಿ ಮಡಿಸಿ, ಕವಡೆಯ ಚೀಲದೊಡನೆ ಗೂಡಿನಲ್ಲಿ ತುರುಕುವುದೇ ವಾಡಿಕೆ. ನಮ್ಮ ಮನೆಯಲ್ಲಿಯೂ ಹಾಗೆಯೇ ನಡೆದಿತ್ತೆಂಬುದನ್ನು ಮೊದಲೇ ಒಪ್ಪಿಕೊಳ್ಳುವೆನು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ನನ್ನ ತವರು. ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ನಮ್ಮ ಆಯಿಯವರು ಪಡಸಾಲೆಯಲ್ಲಿ ಪರಮಪದ ಸೋಪಾನ ಪಟವನ್ನು ಹಾಸುತ್ತಿದ್ದರು. ಹಾವುಗಳೂ ಏಣಿಗಳೂ ತುಂಬಿದ, ಪೇಟೆಯಿಂದ ತಂದ ಅಚ್ಚಿನ ಕಾಗದವದು. ಬೆಲೆಬಾಳುವ ವಸ್ತುವೇನೂ ಅಲ್ಲ. ಆದರೆ ಪ್ರತಿ ವರುಷವೂ ಎಲ್ಲರಿಗಿಂತ ಮೊದಲು ಮೇಲಿನ ಮನೆಯನ್ನು ಸೇರಿದವರ ಹೆಸರನ್ನು ಆಯಿಯವರು ಅದರ ಬೆನ್ನಿಗೆ ಮಸಿಯಿಂದ ಬರೆದಿಡುತ್ತಿದ್ದರು. ಅವರ ಕೈಬರಹವೆಂದು ನಮ್ಮಲ್ಲಿ ಉಳಿದಿರುವುದು ಇದೊಂದೇ.

ಮದುವೆಯಾಗಿ ಕಲಬುರಗಿಗೆ ಬಂದಾಗ ಪಟವೂ ನನ್ನೊಡನೆ ಬಂದಿತು. ಮಡಿಕೆಯ ಗೆರೆಗಳು ಹರಿಯತೊಡಗಿದುವು. ನಾನು ಜಾಣತನವೆಂದು ಬಗೆದು ಬೆನ್ನಿಗೆ ಪಾರದರ್ಶಕ ಟೇಪನ್ನು ಅಂಟಿಸಿದೆನು. ಕೆಲವು ವರುಷಗಳ ಮೇಲೆ ತೆರೆದು ನೋಡಲು ಟೇಪು ಹಳದಿಯಾಗಿ ಎದ್ದು ಬಂದಿತ್ತು. ಅದರ ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಕಲೆಯಾಗಿ ನಿಂತಿತ್ತು. ಆ ಕಲೆಯ ಕೆಳಗೆ ಒಂದು ಹೆಸರು ಅರ್ಧ ಮುಳುಗಿತ್ತು.

ಅಂಜಿ ಅದನ್ನು ಪೇಟೆಯ ಒಂದು ಅಂಗಡಿಗೆ ಒಯ್ದೆನು. ಅಲ್ಲಿಯ ಹುಡುಗನು, “ಅಕ್ಕಾರ, ಲ್ಯಾಮಿನೇಶನ್ ಮಾಡಿಸಿಬಿಡ್ರಿ, ನೂರು ವರ್ಷ ಏನೂ ಆಗಂಗಿಲ್ಲ” ಎಂದನು. ತಾಯಿಗೆ ಫೋನು ಮಾಡಿ ಕೇಳಿದೆನು. “ಬ್ಯಾಡವ್ವಾ, ಒಮ್ಮೆ ಟೇಪ್ ಹಚ್ಚಿ ಕೆಡಿಸಿದ್ದು ಸಾಕು” ಎಂದರು. ಶಾಸ್ತ್ರವನ್ನು ಓದದಿದ್ದರೂ ತಾಯಿಯ ಮಾತೇ ಸರಿಯಾಗಿತ್ತು. ಲ್ಯಾಮಿನೇಶನ್ನಿನಲ್ಲಿ ಕಾವಿನಿಂದ ಕರಗಿದ ಅಂಟು ಕಾಗದದ ನಾರಿನೊಳಗೆ ಸೇರುವುದು. ಮತ್ತೆ ಬಿಡಿಸುವ ಉಪಾಯವು ಮನೆಯವರಿಗಿಲ್ಲ. ಒಳಗಿನ ಆಮ್ಲವು ತನ್ನ ಕೆಲಸವನ್ನು ಒಳಗೇ ಮುಂದುವರಿಸುವುದು.

ಈ ಆಮ್ಲದ ಸಂಗತಿ ಏನು? ಹಿಂದೆ ಹತ್ತಿ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದ ಕಾಗದವು ಶತಮಾನಗಳ ಕಾಲ ಬಾಳುವುದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ತಿರುಳಿನ ಅಗ್ಗದ ಕಾಗದವು ಬಳಕೆಗೆ ಬಂದಿತು. ಮಸಿ ಹರಡದಿರಲೆಂದು ಅದಕ್ಕೆ ಸ್ಫಟಿಕವನ್ನೂ ರಾಳವನ್ನೂ ಸೇರಿಸುತ್ತಿದ್ದರು. ಕಾಲಕ್ರಮದಲ್ಲಿ ಅದರಿಂದ ಆಮ್ಲವುಂಟಾಗಿ ನಾರುಗಳು ತುಂಡಾಗುವುವು. ಹಾಳೆ ಹಳದಿಯಾಗಿ ಹಪ್ಪಳದಂತೆ ಮುರಿಯುವುದು. ಮಡಿಸಿದ ಗೆರೆಯಲ್ಲಿ ನಾರು ಮೊದಲೇ ಮುರಿದಿರುವುದರಿಂದ ಪೆಟ್ಟು ಅಲ್ಲಿಯೇ ಮೊದಲು. ಅದರ ಮೇಲೆ ನಮ್ಮ ಕಲಬುರಗಿಯ ಹವೆ! ಬೇಸಗೆಯಲ್ಲಿ ತಾಪವು 40 ಡಿಗ್ರಿಯನ್ನು ಮೀರಿ ಕಾಗದವು ಒಣಗಿ ಕುಗ್ಗುವುದು; ಮಳೆ ಹಿಡಿದೊಡನೆ ತೇವವನ್ನು ಹೀರಿ ಹಿಗ್ಗುವುದು.

ಮಡಿಕೆಯ ಸಂಕಟ ನಮ್ಮೊಬ್ಬರದೇ ಅಲ್ಲ. 1645ರಲ್ಲಿ ಫ್ರಾನ್ಸಿನ ಪಿಯೆರ್ ದ್ಯುವಾಲ್ ಎಂಬ ಭೂಗೋಳಜ್ಞನು ದೇಶದೇಶಗಳನ್ನು ದಾಟಿ ಕೊನೆಗೆ ಫ್ರಾನ್ಸನ್ನು ಸೇರುವ ಕಾಗದದ ಆಟವೊಂದನ್ನು ಅಚ್ಚು ಹಾಕಿಸಿದನು. ಮುಂದೆ ಲಂಡನ್ನಿನ ಪ್ರಕಾಶಕರು ಇಂತಹ ನಕ್ಷೆಗಳನ್ನು ಚೌಕ ಚೌಕವಾಗಿ ಕತ್ತರಿಸಿ, ನಡುವೆ ಕೂದಲೆಳೆಯಷ್ಟು ಎಡೆ ಬಿಟ್ಟು, ನಾರುಬಟ್ಟೆಯ ಮೇಲೆ ಅಂಟಿಸಿ ಮಾರಿದರು. ಹೀಗೆ ಮಡಿಕೆಯು ಕಾಗದದ ಮೇಲೆ ಬೀಳದೆ ಬಟ್ಟೆಯ ಮೇಲೆ ಬೀಳುತ್ತಿತ್ತು. ನಮ್ಮ ಹಿರಿಯರ ಪಗಡೆಯ ಹಾಸಾದರೋ ಬಟ್ಟೆಯದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಆಟಗಳನ್ನು ಕಲ್ಪಿಸಿದವರು; ಅಂತಹ ಪಟಗಳನ್ನು ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೂ ಬರೆದಿರುವುದುಂಟು. ಗೋಡೆಯನ್ನು ಯಾರೂ ಮಡಿಸಲಾರರಷ್ಟೆ!

ಇನ್ನು ನಾನು ಮಾಡಿದುದನ್ನು ಹೇಳುವೆನು. ಮೊದಲು ಮೆತ್ತನೆಯ ಕುಂಚದಿಂದ ಧೂಳನ್ನು ನಡುವಿನಿಂದ ಅಂಚಿನ ಕಡೆಗೆ ತೆಗೆದೆನು. ಬಳಿಕ ಅಚ್ಚಿಲ್ಲದ ಬಿಳಿಯ ಹಾಳೆಗಳ ನಡುವೆ ಪಟವನ್ನು ಹರವಿ, ಮೇಲೆ ಹಲಗೆಯನ್ನೂ ಭಾರವನ್ನೂ ಇಟ್ಟು ಹತ್ತು ದಿನ ಬಿಟ್ಟೆನು. ಇಸ್ತ್ರಿ ತಾಕಿಸಕೂಡದು. ಹಳೆಯ ಟೇಪನ್ನು ಕೀಳುವ ಸಾಹಸವನ್ನೂ ಮಾಡಕೂಡದು. ಕಾಗದದ ಮೈಯೇ ಕಿತ್ತು ಬರುವುದು. ಅದು ನುರಿತವರ ಕೆಲಸ.

ಹೊಸ ಹರಕುಗಳಿಗೆ ಗೋಧಿಯ ಪಿಷ್ಟವನ್ನು ಕುದಿಸಿದ ತೆಳು ಗಂಜಿಯೇ ಮೇಲು. ಬೇಕಾದಾಗ ನೀರಿನಿಂದ ಬಿಡಿಸಬಹುದೆಂಬುದೇ ಅದರ ಗುಣ. ಬೆಳಕು ಹಾಯುವಷ್ಟು ತೆಳುವಾದ ಕೈಕಾಗದವನ್ನು ಕತ್ತರಿಸದೆ ಹರಿದು, ನಾರಿನ ಅಂಚು ಉಳಿಯುವಂತೆ ಬೆನ್ನಿಗೆ ಹಚ್ಚಬೇಕು. ಮೂಲೆಯಲ್ಲಿ ಒಂದು ಹನಿ ನೀರು ಮುಟ್ಟಿಸಿ ಬಣ್ಣ ಕದಡುವುದೋ ಎಂದು ಮೊದಲು ನೋಡಿಕೊಳ್ಳತಕ್ಕದ್ದು. ಹಿಂದೆ ಗಂಜಿಗೆ ಮೈಲುತುತ್ತವನ್ನು ಬೆರೆಸುತ್ತಿದ್ದುದುಂಟು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ.

ಇಡುವಾಗ ಹರವಿಯೇ ಇಡುವುದು ಉತ್ತಮ. ಜಾಗವಿಲ್ಲದಿದ್ದರೆ ಅಗಲವಾದ ಕೊಳವೆಯ ಹೊರಮೈಗೆ ಸಡಿಲವಾಗಿ ಸುತ್ತಿ, ಮೇಲೆ ಒಗೆದ ಬಿಳಿಯ ಬಟ್ಟೆಯನ್ನು ಹೊದಿಸಬೇಕು. ಕೆಂಪು ಬಟ್ಟೆ ವಾಡಿಕೆಯದೇ, ಆದರೆ ತೇವ ತಗಲಿದರೆ ಬಣ್ಣ ಬಿಡುವುದು. ಒಣಗಿದ ಬೇವಿನೆಲೆಯನ್ನು ಪೆಟ್ಟಿಗೆಯ ಮೂಲೆಯಲ್ಲಿಡಬಹುದು, ಕಾಗದಕ್ಕೆ ತಾಕದಿರಲಿ. ಗೆದ್ದಲಿನ ಭಯದಿಂದ ನೆಲದ ಮೇಲೂ, ಕಾವಿನ ಭಯದಿಂದ ಅಟ್ಟದ ಮೇಲೂ ಪೆಟ್ಟಿಗೆ ಬೇಡ. ಧಾನ್ಯಕ್ಕೆ ತೋರಿಸುವಂತೆ ಪಟಕ್ಕೆ ಬಿಸಿಲು ತೋರಿಸಿದರೆ ಹೋದ ಬಣ್ಣ ಮರಳದು.

ಹಾಗಾದರೆ ಆಡುವುದೇ ಬೇಡವೆ? ಆಡದ ಪಟ ಯಾರಿಗೆ ಬೇಕು! ಹರವಿದ ಪಟದ ಚಿತ್ರವನ್ನು ತೆಗೆಯಿಸಿ ಅದೇ ಅಳತೆಯ ಪ್ರತಿಯೊಂದನ್ನು ಮಾಡಿಸಿದೆನು. ಮೂಲದ ಮೇಲೆಯೇ ಆಡಬಯಸುವವರು ಪಾಲಿಯೆಸ್ಟರಿನ ಪಾರದರ್ಶಕ ಹಾಳೆಯನ್ನು ಅಂಟಿಸದೆ ಮೇಲಿರಿಸಿ, ಆಟದ ತರುವಾಯ ತೆಗೆದುಬಿಡಬಹುದು. ಕೈಯಿಂದ ಬರೆದ, ಪುಡಿಯುದುರುವ ಬಣ್ಣಕ್ಕೆ ಮಾತ್ರ ಇದು ಸಲ್ಲದು. ಮೇಜಿಗೆ ಹೊದಿಸುವ ಮೆದು ವಿನೈಲ್ ಪ್ಲಾಸ್ಟಿಕ್ಕು ಯಾವ ಪಟಕ್ಕೂ ಸಲ್ಲದು; ಕಾಲಾಂತರದಲ್ಲಿ ಅಚ್ಚಿನ ಮಸಿಗೇ ಅಂಟಿಕೊಳ್ಳುವುದು. ಚಹದ ಬಟ್ಟಲಿಗೂ ದೀಪದ ಎಣ್ಣೆಗೂ ಬೇರೆ ಮಣೆಯಿರಲಿ.

ಕಳೆದ ಏಕಾದಶಿಗೆ ತಾಯಿಯವರು ಕಮಲಾಪುರದಿಂದ ಬಂದಿದ್ದರು. ಕಲೆಯಲ್ಲಿ ಮುಳುಗಿದ ಹೆಸರನ್ನು ಬಹಳ ಹೊತ್ತು ನೋಡಿ, ಅದು ತಮ್ಮ ತಂಗಿಯದೆಂದು ಗುರುತಿಸಿದರು. ಆ ಚಿಕ್ಕಮ್ಮ ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಹೆಸರನ್ನು ಬೇರೊಂದು ಚೀಟಿಯಲ್ಲಿ ಸೀಸದ ಕಡ್ಡಿಯಿಂದ ಬರೆದು ಪಟದೊಡನೆ ಇಟ್ಟಿದ್ದೇನೆ. ಆ ರಾತ್ರಿ ಪ್ರತಿಯ ಮೇಲೆ ಆಡಿದೆವು. ಮೊದಲು ಮೇಲೇರಿದವಳು ನನ್ನ ಕಿರಿಯ ಮಗಳು. ಪ್ರತಿಯ ಬೆನ್ನಿನ ಮೇಲೆ ಅವಳ ಹೆಸರನ್ನು ತಾಯಿಯವರೇ ಬರೆದರು.