ಹದಿನೆಂಟು ಮೊಳದ ಸೀರೆ ಆರು ಗಜಕ್ಕೆ ಇಳಿದ ಕಥೆ



ಯುಗಾದಿಯ ದಿನ ಗಿರಗಾಂವ್‌ನಲ್ಲಿ ನಡೆಯುವ ಶೋಭಾಯಾತ್ರೆಯನ್ನು ನೀವು ಟಿ.ವಿ.ಯಲ್ಲಾದರೂ ನೋಡಿರುತ್ತೀರಿ. ಒಂಬತ್ತು ಗಜದ ಸೀರೆಯುಟ್ಟು, ಮೂಗಿಗೆ ನತ್ತು ಹಾಕಿ, ಮೋಟಾರು ಸೈಕಲ್ ಏರಿ ಸಾಗುವ ಮರಾಠಿ ತರುಣಿಯರನ್ನು ಕಂಡು ನಮ್ಮ ಕಾಂದಿವಲಿಯ ಹುಡುಗಿಯೊಬ್ಬಳು, "ಎಷ್ಟು ಚೆಂದ! ನಮ್ಮ ಕನ್ನಡದವರಲ್ಲಿ ಇಂಥ ಉಡುಗೆ ಇಲ್ಲವಲ್ಲ" ಎಂದಳು. ಪಕ್ಕದಲ್ಲಿ ಕುಳಿತಿದ್ದ ಧಾರವಾಡದ ಕಡೆಯ ಅಜ್ಜಿ ನಕ್ಕುಬಿಟ್ಟರು. "ನಾ ಲಗ್ನ ಆಗಿ ಮುಂಬೈಗೆ ಬಂದಾಗ ಉಟ್ಟಿದ್ದು ಮತ್ತೇನವ್ವಾ? ಹದಿನೆಂಟು ಮೊಳದ ಕಚ್ಚಿ ಸೀರಿನ!"

ಎರಡು ಮೊಳಕ್ಕೆ ಒಂದು ಗಜ. ಹದಿನೆಂಟು ಮೊಳವೆಂದರೆ ಒಂಬತ್ತು ಗಜ, ಅಂದರೆ ಸುಮಾರು ೮ ಮೀಟರು. ಒಳಲಂಗವಿಲ್ಲದೆ ಸೊಂಟಕ್ಕೆ ಬಿಗಿದು ಗಂಟು ಹಾಕಿ, ಮುಂದೆ ನೆರಿಗೆ ಹಿಡಿದು, ಕಾಲುಗಳ ನಡುವಿನಿಂದ ಹಿಂದಕ್ಕೆ ಒಯ್ದು ಸಿಕ್ಕಿಸಿದರೆ ಅದೇ ಕಚ್ಚೆ. ಗದ್ದೆಯಲ್ಲಿ ಬಗ್ಗಲು, ಹೊರೆ ಹೊತ್ತು ನಡೆಯಲು ಅಡ್ಡಿಯಿಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಇದಕ್ಕೆಂದೇ ಉದ್ದನೆಯ ಸೀರೆ ನೇಯುತ್ತಿದ್ದರು. ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸುನೂಲುಗಳನ್ನು ಕುಣಿಕೆ ಕುಣಿಕೆಯಾಗಿ ಕೂಡಿಸುವುದು ಅವರ ಜಾಣ್ಮೆ. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಅದಕ್ಕೆ ಹುಕ್ಕಿಲ್ಲ, ಎದೆಯ ಬಳಿ ಗಂಟು.

ಹಾಗೆಂದು ಕನ್ನಡ ನಾಡಿಗೆಲ್ಲ ಒಂದೇ ಕ್ರಮವೆಂದು ತಿಳಿಯಬೇಡಿ. ಕೊಡಗಿನಲ್ಲಿ ನೆರಿಗೆ ಬೆನ್ನ ಹಿಂದೆ! ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತೆಂದು ಅಲ್ಲಿನ ಕಥೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಹಿರಿಯ ಹೆಂಗಸರು ರವಿಕೆಯಿಲ್ಲದೆ ಸೀರೆ ಕಟ್ಟಿ, ಕೊರಳ ತುಂಬ ಮಣಿಸರ ಧರಿಸುವವರು. ಗಿಡಮರಗಳ ತಾಯಿ ತುಳಸಿ ಗೌಡರು ೨೦೨೧ರಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದ್ದು ಇದೇ ಉಡುಗೆಯಲ್ಲಿ, ಬರಿಗಾಲಲ್ಲಿ. ಯಾರಿಗಾಗಿಯೂ ಅವರು ಉಡುವ ಕ್ರಮ ಬದಲಿಸಲಿಲ್ಲ.

ಹಾಗಾದರೆ ಇಂದು ನಾವು 'ಸಾಂಪ್ರದಾಯಿಕ' ಎನ್ನುವ ಆರು ಗಜದ ಸೀರೆ ಎಲ್ಲಿಂದ ಬಂತು? ಆ ಕಥೆಯಲ್ಲಿ ನಮ್ಮ ಮುಂಬಯಿಗೂ ಪಾಲಿದೆ. ಐ.ಸಿ.ಎಸ್. ಆದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರು ೧೮೬೪ರಲ್ಲಿ ಇಲ್ಲಿಗೆ ಬಂದರು. ಮುಂದೆ ನಮ್ಮ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದರು. ಅವರ ಪತ್ನಿ ಜ್ಞಾನದಾನಂದಿನಿ ದೇವಿ, ಅಂದರೆ ಕವಿ ರವೀಂದ್ರನಾಥರ ಅತ್ತಿಗೆ, ಇಲ್ಲಿನ ಪಾರ್ಸಿ ಮಹಿಳೆಯರು ಸೀರೆ ಉಡುವುದನ್ನು ನೋಡಿ ಕಲಿತರು. ಒಳಲಂಗ, ರವಿಕೆ, ಎಡ ಹೆಗಲಿಗೆ ಸೆರಗು ಎಂದು ತಮ್ಮದೇ ಮಾರ್ಪಾಡು ಮಾಡಿ ಬಂಗಾಳದಲ್ಲಿ ಹರಡಿದರು. ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ರಾಜಾ ರವಿವರ್ಮನ ಮುದ್ರಣಾಲಯದಿಂದ ಸೀರೆ ರವಿಕೆ ತೊಟ್ಟ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ಗೋಡೆಗೆ ಬಂದರು. ಶಾಲೆ, ಕಚೇರಿ, ಲೋಕಲ್ ರೈಲಿನ ಗಡಿಬಿಡಿಗೆ ಚಿಕ್ಕ ಸೀರೆಯೇ ಅನುಕೂಲವಾಯಿತು. ಇಳಕಲ್ಲಿನ ಮಗ್ಗವೂ ಆರು ಗಜಕ್ಕೆ ಇಳಿಯಿತು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ದೂರದ ತುರ್ಕಿಯ ಹೆಂಗಸರು ಷಲ್ವಾರಿನ ಮೇಲೆ ಮೂರು ಸೀಳಾದ ಉದ್ದನೆಯ ನಿಲುವಂಗಿ ತೊಡುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಅದರ ತುದಿಗಳನ್ನೆತ್ತಿ ನಡುಪಟ್ಟಿಗೆ ಸಿಕ್ಕಿಸುವುದು, ಥೇಟ್ ನಮ್ಮ ಕಚ್ಚೆಯ ಉಪಾಯ! ೧೯ನೇ ಶತಮಾನದಲ್ಲಿ ಯುರೋಪಿನ ಗಾಳಿ ಬೀಸಿ ನಗರಗಳಲ್ಲಿ ಅದು ಲಂಗ, ರವಿಕೆಯ ರೂಪ ತಳೆಯಿತು. ಬದುಕು ಬದಲಾದಂತೆ ಬಟ್ಟೆಯೂ ಬದಲಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಅಜ್ಜಿ ಕಚ್ಚೆ ಬಿಟ್ಟದ್ದು ಲೋಕಲ್ ರೈಲಿಗಾಗಿ ಅಲ್ಲ. ಅವರ ಮಗಳು, ಅಂದರೆ ಈ ಹುಡುಗಿಯ ತಾಯಿ, ಶಾಲೆಗೆ ಸೇರಿದ ವರ್ಷ ಒಂದು ದಿನ ಅಳುತ್ತಾ ಬಂದು, "ನಾಳೆ ಬೇರೆಯವರ ಅಮ್ಮಂದಿರ ಹಾಗೆ ಸೀರೆ ಉಟ್ಟು ಬಾ, ಇಲ್ಲದಿದ್ದರೆ ಬರಬೇಡ" ಎಂದಳಂತೆ. ಅಜ್ಜಿ ಮರುಮಾತನಾಡಲಿಲ್ಲ. ಎರಡು ಇಳಕಲ್ ಸೀರೆಗಳಲ್ಲಿ ಒಂದು ಕೌದಿಯಾಯಿತು, ಇನ್ನೊಂದು ಟ್ರಂಕು ಸೇರಿತು.

ಅನುಕೂಲಕ್ಕಾಗಿ ಬಿಟ್ಟದ್ದನ್ನು ಬೇಕೆಂದಾಗ ಮತ್ತೆ ಉಡಬಹುದು. ನಾಚಿಕೆಯಿಂದ ಬಿಟ್ಟದ್ದನ್ನು ಮಾತ್ರ ಯಾರೂ ಮಕ್ಕಳಿಗೆ ಕಲಿಸುವುದಿಲ್ಲ. ಅದಕ್ಕೇ ಆ ಹುಡುಗಿಗೆ ತನ್ನ ಮನೆಯ ಉಡುಗೆ ಪರರದೆನಿಸಿತು. ನೋಡಿದರೆ ಮರಾಠಿಯವರ ಕಚ್ಚೆಯೂ ನಮ್ಮದೂ ಅಕ್ಕತಂಗಿಯರಂತೆ. ಹಳೆಯ ಮುಂಬಯಿ ಪ್ರಾಂತದಲ್ಲಿ ಧಾರವಾಡ, ಬೆಳಗಾವಿಗಳೂ ಸೇರಿದ್ದವು; ಸೀರೆಗೆ ಗಡಿಯಿರಲಿಲ್ಲ.

ಆ ಸಂಜೆ ಟ್ರಂಕು ತೆರೆಯಿತು. ಅಜ್ಜಿ ಮೊಮ್ಮಗಳಿಗೆ ಕಚ್ಚೆ ಹಾಕುತ್ತಿದ್ದರೆ, ನೆರಿಗೆ ಹಿಡಿದು ಕೊಟ್ಟವರು ಆ ತಾಯಿಯೇ. "ನನಗೂ ಒಮ್ಮೆ ಉಡಿಸವ್ವಾ" ಎಂದರಂತೆ.

ಮಿತ್ರರೇ, ದಿನವೂ ಕಚ್ಚೆ ಉಟ್ಟು ಚರ್ಚ್‌ಗೇಟ್ ಲೋಕಲ್ ಹತ್ತಿ ಎಂದು ನಾನು ಹೇಳುತ್ತಿಲ್ಲ. ಈ ಭಾನುವಾರ ನಿಮ್ಮ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಒಂದು ಪ್ರಶ್ನೆ ಕೇಳಿ: "ನೀವು ಮೊದಲು ಸೀರೆ ಹೇಗೆ ಉಡುತ್ತಿದ್ದಿರಿ?" ಅವರು ಉಡಿಸಿ ತೋರಿಸಿದರೆ ಕಲಿತುಕೊಳ್ಳಿ. ಕೈಗೆ ಬಂದ ವಿದ್ಯೆಯನ್ನು ಇನ್ನೊಂದು ಕೈಗೆ ದಾಟಿಸದಿದ್ದರೆ ಸೀರೆ ಟ್ರಂಕಿನಲ್ಲಿ ಉಳಿದೀತು, ಉಡುವ ಬಗೆ ಉಳಿಯಲಾರದು.