ಗಾಜಿನ ತೊಟ್ಟಿಯ ಮೀನುಗಳಿಗೆ ಯಾವ ಫಿಲ್ಟರ್ ಸೂಕ್ತ?



ಮನೆಗಳಲ್ಲಿ ಮಾತ್ರವಲ್ಲದೆ ಶಾಲೆ, ಅಂಗನವಾಡಿ ಹಾಗೂ ಅರಿವು ಕೇಂದ್ರಗಳಲ್ಲಿಯೂ ಮಕ್ಕಳ ಸಂತೋಷಕ್ಕಾಗಿ ಅಕ್ವೇರಿಯಂ ಇಡಬೇಕೆಂಬ ಅಪೇಕ್ಷೆ ಸಹಜವಾದುದು. ಆದರೆ ತಂದ ಮೀನುಗಳು ಎರಡು ಮೂರು ವಾರಗಳಲ್ಲಿ ಒಂದೊಂದಾಗಿ ಸತ್ತು, ಬರಿದಾದ ತೊಟ್ಟಿಯು ಮೂಲೆ ಸೇರುವುದೂ ಉಂಟು. ನೀರು ಕಣ್ಣಿಗೆ ತಿಳಿಯಾಗಿಯೇ ಇರುವಾಗ ಮೀನು ಸಾಯುವುದೇಕೆ? ಈ ಪ್ರಶ್ನೆಯ ಉತ್ತರವನ್ನು ಅರಿತವರಿಗೆ ಫಿಲ್ಟರ್ ಆಯ್ಕೆ ಕಷ್ಟವಾಗದು.

ಫಿಲ್ಟರ್‌ನ ನಿಜವಾದ ಕೆಲಸ

ಮೀನಿನ ವಿಸರ್ಜನೆ ಮತ್ತು ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಕೆಲವು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಬೇರೆ ಕೆಲವು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ತನ್ನ ಹೆಸರನ್ನು ಕುರಿ ತಳಿಯೊಂದಕ್ಕೆ ಕೊಟ್ಟ ಮಳವಳ್ಳಿ ತಾಲ್ಲೂಕಿನ ಬಂಡೂರಿನಂತಹ ಊರಿನ ರೈತರಿಗೆ ಇದು ಅಪರಿಚಿತವಲ್ಲ. ಕುರಿಮಂದೆ ನಿಲ್ಲಿಸಿದ ಹೊಲದಲ್ಲಿ ಹಿಕ್ಕೆ, ಗಂಜಲಗಳು ಪೈರಿಗೆ ಆಹಾರವಾಗುವುದು ಇದೇ ಕ್ರಿಯೆಯಿಂದ. ಹೊಲದಲ್ಲಿ ಈ ಸೂಕ್ಷ್ಮಜೀವಿಗಳಿಗೆ ಮಣ್ಣೇ ಮನೆ. ಗಾಜಿನ ತೊಟ್ಟಿಯಲ್ಲಿ ಫಿಲ್ಟರ್‌ನ ಸ್ಪಂಜೇ ಮನೆ. ಆದ್ದರಿಂದ ಕಸ ಹಿಡಿಯುವುದು ಫಿಲ್ಟರ್‌ನ ಅರ್ಧ ಕೆಲಸ ಮಾತ್ರ. ಈ ಬ್ಯಾಕ್ಟೀರಿಯಗಳಿಗೆ ನೆಲೆಯನ್ನೂ ಆಮ್ಲಜನಕವನ್ನೂ ಒದಗಿಸುವುದು ಅದರ ಮುಖ್ಯ ಕೆಲಸ.

ಅಳತೆ ಮತ್ತು ಬಗೆ

ಮೊದಲು ತೊಟ್ಟಿಯ ನೀರನ್ನು ಲೆಕ್ಕ ಹಾಕಬೇಕು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ಮೋಟಾರಿನ ಫಿಲ್ಟರ್ ಆದರೆ ಗಂಟೆಗೆ ಈ ಪ್ರಮಾಣದ ನಾಲ್ಕರಿಂದ ಐದು ಪಟ್ಟು, ಅಂದರೆ 200ರಿಂದ 250 ಲೀಟರ್ ನೀರನ್ನು ಹಾಯಿಸುವಂತಿರಬೇಕು. ಹೆಚ್ಚು ಹೊಲಸು ಮಾಡುವ ಗೋಲ್ಡ್ ಫಿಶ್‌ಗೆ ಇನ್ನೂ ದೊಡ್ಡ ತೊಟ್ಟಿ ಮತ್ತು ಫಿಲ್ಟರ್ ಅಗತ್ಯ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸರಳವಾದುದು, ಅಗ್ಗವಾದುದು, ಮರಿಮೀನನ್ನೂ ಒಳಗೆಳೆಯದು. ನೀರಿನೊಳಗೆ ಮುಳುಗಿಸುವ ಮೋಟಾರ್ ಫಿಲ್ಟರ್ ಕಸವನ್ನು ಚೆನ್ನಾಗಿ ಹಿಡಿಯುತ್ತದೆಯಾದರೂ ಅದರ ರಭಸ ಸಣ್ಣ ಮೀನುಗಳನ್ನು ದಣಿಸಬಹುದು. ತೊಟ್ಟಿಯ ಅಂಚಿಗೆ ನೇತುಹಾಕುವ ಫಿಲ್ಟರ್‌ನಲ್ಲಿ ಸ್ಪಂಜಿನ ಜೊತೆಗೆ ಬೇರೆ ಶೋಧಕ ವಸ್ತುಗಳನ್ನೂ ಇಡಬಹುದು. ಹೊರಗೆ ಮುಚ್ಚಿದ ಡಬ್ಬಿಯಂತಿರುವ ಕ್ಯಾನಿಸ್ಟರ್ ದೊಡ್ಡ ತೊಟ್ಟಿಗಳಿಗೆ ಯೋಗ್ಯ, ಬೆಲೆಯೂ ಹೆಚ್ಚು.

ವಿದ್ಯುತ್ ನಿಂತಾಗ

ನಮ್ಮ ಗ್ರಾಮಗಳ ಮಟ್ಟಿಗೆ ನಿರ್ಣಾಯಕವಾದ ಪ್ರಶ್ನೆ ಇದು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರ ಇದೇ ಮಳವಳ್ಳಿ ತಾಲ್ಲೂಕಿನಲ್ಲಿದೆ. ಆದರೂ ಮಳೆಗಾಳಿಗೆ ತಂತಿ ಕಡಿದರೆ ಗಂಟೆಗಟ್ಟಲೆ ಕಾಯಬೇಕಾದೀತು. ನೀರಿನ ಚಲನೆ ನಿಂತರೆ ಮುಚ್ಚಿದ ಡಬ್ಬಿಯೊಳಗಿನ ಬ್ಯಾಕ್ಟೀರಿಯಗಳು ಆಮ್ಲಜನಕವಿಲ್ಲದೆ ಬೇಗ ನಾಶವಾಗುತ್ತವೆ. ತೊಟ್ಟಿಯ ತೆರೆದ ನೀರಿನಲ್ಲೇ ಇರುವ ಸ್ಪಂಜಿನಲ್ಲಿ ಅವು ಹೆಚ್ಚು ಹೊತ್ತು ಉಳಿಯುತ್ತವೆ. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪೂ ದೊರೆಯುತ್ತದೆ. 4 ವ್ಯಾಟ್‌ನ ಪಂಪು ಹಗಲಿರುಳು ನಡೆದರೂ ತಿಂಗಳಿಗೆ ಸುಮಾರು 3 ಯೂನಿಟ್ ಮಾತ್ರ ಖರ್ಚು. ಆದಕಾರಣ 50 ಲೀಟರ್‌ನ ಆಸುಪಾಸಿನ ತೊಟ್ಟಿಗೆ, ಕೆಲವೇ ಸಣ್ಣ ಮೀನುಗಳಿದ್ದಲ್ಲಿ, ಸ್ಪಂಜ್ ಫಿಲ್ಟರ್ ಉತ್ತಮ ಆಯ್ಕೆ.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಇಲ್ಲವೇ ಕೊಳವೆಗೆ ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಬೇಕು. ಇಲ್ಲದಿದ್ದರೆ ವಿದ್ಯುತ್ ಹೋದಾಗ ನೀರು ಕೊಳವೆಯ ಮೂಲಕ ಪಂಪಿಗೇ ಇಳಿಯುತ್ತದೆ. ತೊಟ್ಟಿಗೆ ಕೈ ಹಾಕುವ ಮುನ್ನ ಪ್ಲಗ್ ತೆಗೆಯುವುದು ಕಡ್ಡಾಯ. ಮಕ್ಕಳಿರುವ ಕಡೆ ಈ ಎಚ್ಚರಿಕೆಯಲ್ಲಿ ರಿಯಾಯಿತಿ ಸಲ್ಲದು.

ನಲ್ಲಿ ನೀರು ಮತ್ತು ಕ್ಲೋರಿನ್

ಪಂಚಾಯಿತಿಯು ಪೂರೈಸುವ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಜನರ ಆರೋಗ್ಯಕ್ಕೆ ಅಗತ್ಯವಾದ ಈ ಕ್ಲೋರಿನ್ ಮೀನಿನ ಕಿವಿರುಗಳಿಗೂ ಫಿಲ್ಟರ್‌ನ ಬ್ಯಾಕ್ಟೀರಿಯಗಳಿಗೂ ಹಾನಿಕರ. ಮೀನು ಸತ್ತಿತೆಂದು ಬ್ಲೀಚಿಂಗ್ ಪುಡಿ ಕಡಿಮೆ ಮಾಡುವಂತೆ ನೀರುಗಂಟಿಗೆ ಯಾರೂ ಹೇಳಬಾರದು. ಹೇಳಿದರೂ ಅವರು ಒಪ್ಪಬಾರದು. ಅಗಲ ಬಾಯಿಯ ಪಾತ್ರೆಯಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಬಳಸಿದರೆ ಸಾಕು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲಗೆ ಹಿಂಡಬೇಕು.

ತಾಳ್ಮೆಯೂ ಆಯ್ಕೆಯ ಭಾಗ

ಹೊಸ ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ತೊಟ್ಟಿ ತುಂಬ ಮೀನು ಬಿಡುವುದೇ ಬಹುಪಾಲು ಸಾವುಗಳಿಗೆ ಕಾರಣ. ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯ ಹಳೆಯ ಸ್ಪಂಜಿನ ತುಂಡೊಂದು ಸಿಕ್ಕರೆ ಈ ಅವಧಿ ಕಡಿಮೆಯಾಗುತ್ತದೆ. ಆರಂಭದಲ್ಲಿ ಎರಡು ಮೂರು ಸಣ್ಣ ಮೀನು, ಮಿತವಾದ ಆಹಾರ, ವಾರಕ್ಕೊಮ್ಮೆ ಕಾಲು ಭಾಗ ನೀರಿನ ಬದಲಾವಣೆ: ಇವಿಷ್ಟನ್ನು ಪಾಲಿಸಿದರೆ ಸಾಕು. ತೆಗೆದ ನೀರನ್ನು ಗಿಡಗಳಿಗೆ ಹಾಕಬಹುದು. ಅದರಲ್ಲಿರುವ ನೈಟ್ರೇಟ್ ಗೊಬ್ಬರವೇ ಆಗಿದೆ.

ಸಾಕಲಾಗದ ಮೀನುಗಳನ್ನು ಕೆರೆ, ನಾಲೆ ಅಥವಾ ಶಿಂಷಾ ನದಿಗೆ ಬಿಡಬಾರದು. ಗಾಜು ತಿಕ್ಕಲೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಭಾರತದ ಅನೇಕ ಜಲಮೂಲಗಳಲ್ಲಿ ಈಗಾಗಲೇ ನೆಲೆಯೂರಿದೆ. ಬೇಡವಾದ ಮೀನನ್ನು ಅಂಗಡಿಗೆ ಅಥವಾ ಸಾಕಬಲ್ಲ ಮತ್ತೊಬ್ಬರಿಗೆ ಒಪ್ಪಿಸಬೇಕು.

ಶಾಲೆಗಾಗಲಿ ಅರಿವು ಕೇಂದ್ರಕ್ಕಾಗಲಿ ಅಕ್ವೇರಿಯಂ ಬೇಕೆಂಬ ಪ್ರಸ್ತಾವ ಸಭೆಗೆ ಬಂದಾಗ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಬೇಕು. ತೊಟ್ಟಿ ಎಷ್ಟು ಲೀಟರಿನದು? ವಿದ್ಯುತ್ ಹೋದರೆ ಏನು ವ್ಯವಸ್ಥೆ? ರಜೆಯ ದಿನಗಳಲ್ಲಿ ನೋಡಿಕೊಳ್ಳುವವರು ಯಾರು? ಮೂರಕ್ಕೂ ಉತ್ತರ ದೊರೆತ ಬಳಿಕ ಫಿಲ್ಟರ್ ಕೊಳ್ಳಬಹುದು; ಮೀನನ್ನು ಅದಾದ ಒಂದು ತಿಂಗಳ ನಂತರ ತರಬಹುದು.